ಅವ್ವನ ಕಿವಿ, ಅಪ್ಪನ ಲೆಕ್ಕ

ರಾಯಬಾಗ ತಾಲ್ಲೂಕಿನ ಒಂದು ತೋಟದ ಮನೆ. ಸಂಜೆ ಏಳೂಕಾಲು. ಎಮ್ಮೆಯ ಹಾಲು ಡೇರಿ ಸೇರಿಯಾಗಿದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಕಿಟಕಿಯಲ್ಲಿಟ್ಟ ಮೊಬೈಲು ರಿಂಗಣಿಸುತ್ತದೆ. ನಾಲ್ಕನೇ ತರಗತಿಯ ಹುಡುಗ ಓಡಿ ಬಂದು ಎತ್ತಿಕೊಂಡು, ಹೆಬ್ಬೆರಳಿನಿಂದ ಸ್ಪೀಕರ್ ಒತ್ತಿ, ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಾನೆ. ಆ ಕಡೆ ಶಾಲೆಯ ಸರ್.

"ಐವತ್ತೆರಡರಾಗ ಇಪ್ಪತ್ತೇಳು ಕಳಿ ನೋಡೋಣ. ಬರಕೊಂಡು ಮಾಡು."

ಬಳಪ ಕಿರುಗುಡುತ್ತದೆ. "ಮೂವತ್ತೈದು, ಸರ."

"ಹೆಂಗ ಮಾಡಿದಿ, ಹೇಳು."

"ಏಳರಾಗ ಎರಡು ಹೋದ್ರ ಐದು. ಐದರಾಗ ಎರಡು ಹೋದ್ರ ಮೂರು."

ಸರ್ ತಪ್ಪೆನ್ನುವುದಿಲ್ಲ. "ಅವ್ವಾರು ಹತ್ತಿರ ಅದಾರೇನು? ಅವರಿಗೆ ಇದನ್ನ ರೊಕ್ಕದ ಲೆಕ್ಕದಾಗ ಕೇಳಾಕ ಹೇಳು." ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತಲೇ ಅವ್ವ ಕೇಳುತ್ತಾಳೆ: "ಐವತ್ತೆರಡು ರೂಪಾಯಿ ತಗೊಂಡು ಅಂಗಡಿಗೆ ಹೋದಿ. ಇಪ್ಪತ್ತೇಳರದು ಸಾಮಾನ ತಂದಿ. ನನಗ ತಿರುಗಿ ಎಷ್ಟು ಕೊಡ್ತಿ?"

"ಇಪ್ಪತ್ತೈದು." ಉತ್ತರಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ.

"ಮತ್ತ ಪಾಟಿ ಮ್ಯಾಲೆ ಮೂವತ್ತೈದು ಹೆಂಗ ಬಂತೋ?"

ಹುಡುಗ ಪಾಟಿಯನ್ನೇ ನೋಡುತ್ತ ಕೂತ. ನಿಜವಾದ ಪಾಠ ಶುರುವಾದದ್ದು ಅಲ್ಲಿಂದ. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಹತ್ತನ್ನು ಒಡೆದು ತರಬೇಕು ಎಂಬುದನ್ನು ಸರ್ ಫೋನಿನಲ್ಲಿ ಹೇಳುತ್ತಿದ್ದರೆ, ಅವ್ವ ಸೌದೆಯ ರಾಶಿಯಿಂದ ಸಣ್ಣ ಕಡ್ಡಿಗಳನ್ನು ಮುರಿದು ಮಗನ ಮುಂದೆ ಇಡುತ್ತಿದ್ದಳು. ಹತ್ತರ ಒಂದು ಕಟ್ಟು ಬಿಚ್ಚಿತು. ಬಿಡಿ ಕಡ್ಡಿ ಹನ್ನೆರಡಾದವು. ಏಳು ತೆಗೆದ, ಐದು ಉಳಿದವು.

ಈ ಹುಡುಗ ದಡ್ಡನಲ್ಲ. ಅವನ ತಲೆಯಲ್ಲಿ ಅಂಗಡಿಯ ಲೆಕ್ಕ ಒಂದು ಕೋಣೆಯಲ್ಲಿ, ಪಾಟಿಯ ಲೆಕ್ಕ ಇನ್ನೊಂದು ಕೋಣೆಯಲ್ಲಿ ಇವೆ. ನಡುವೆ ಬಾಗಿಲಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ಕಂಡದ್ದೂ ಇದನ್ನೇ. ತರಕಾರಿ ಮಾರುವ ಮಕ್ಕಳು ನಾಲ್ಕಾರು ಸಾಮಾನಿನ ಬೆಲೆ ಕೂಡಿ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಕೊಡುತ್ತಿದ್ದರು. ಅದೇ ಲೆಕ್ಕವನ್ನು ಕಾಗದದ ಮೇಲೆ ಶಾಲೆಯ ರೀತಿಯಲ್ಲಿ ಕೊಟ್ಟರೆ ತಡವರಿಸುತ್ತಿದ್ದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದು ಇದರ ತಿರುವುಮುರುವು. 2025ರ ಫೆಬ್ರುವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಆ ಅಧ್ಯಯನ ಓದಿದಾಗ ನನಗೆ ನೆನಪಾದದ್ದು ನಮ್ಮ ಗಡಿಭಾಗದ ಇಂಥ ಮನೆಗಳೇ. ಬಾಗಿಲು ಕೊರೆಯಲು ಎರಡೂ ಕಡೆಯಿಂದ ಕೈ ಬೇಕು. ಒಂದು ಕೈ ಶಾಲೆಯದು, ಇನ್ನೊಂದು ಅವ್ವ-ಅಪ್ಪಂದಿರದು.

ಫೋನಿನ ಪಾಠಕ್ಕೂ ಹಿನ್ನೆಲೆ ಇದೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಪೋಷಕರ ಸಾದಾ ಮೊಬೈಲಿಗೆ ವಾರಕ್ಕೊಮ್ಮೆ ಕರೆ ಮಾಡಿ ಮಕ್ಕಳಿಗೆ ಲೆಕ್ಕ ಕಲಿಸಿ ನೋಡಿದರು. ಬರೀ ಸಂದೇಶ ಕಳಿಸಿದ ಮನೆಗಳಲ್ಲಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಸಂದೇಶದ ಜೊತೆಗೆ ಮನುಷ್ಯನ ದನಿಯೂ ಮುಟ್ಟಿದ ಮನೆಗಳ ಮಕ್ಕಳು ಮುಂದೆ ಬಂದರು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ಅದನ್ನು ಪರೀಕ್ಷಿಸಿದರು. ನಮ್ಮ ಶಿಕ್ಷಣ ಇಲಾಖೆಯ 'ಗಣಿತ ಗಣಕ'ದ ಬೇರು ಅಲ್ಲಿದೆ: ಸರ್ಕಾರಿ ಶಾಲೆಯ 3ರಿಂದ 5ನೇ ತರಗತಿಯ ಮಕ್ಕಳಿಗೆ, ಶಾಲೆ ಬಿಟ್ಟ ಮೇಲೆ, ಮನೆಯವರ ಫೋನಿನಲ್ಲಿ ಶಿಕ್ಷಕರಿಂದ ಪಾಠ. ಈ ಪಾಠಕ್ಕೆ ಇಂಟರ್ನೆಟ್ಟೂ ಬೇಡ, ದೊಡ್ಡ ಪರದೆಯೂ ಬೇಡ. ಗುಂಡಿ ಒತ್ತುವ ಫೋನು ಸಾಕು. ಪಕ್ಕದಲ್ಲಿ ಒಬ್ಬರು ದೊಡ್ಡವರು ಕೂತರಾಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯೊಳಗೇ ಇದ್ದರೂ ಶಾಲೆಗಳ ಮಟ್ಟಿಗೆ ಇವು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ಕಬ್ಬಿನ ನಾಡು. ನಿಪ್ಪಾಣಿಯಲ್ಲಿ ತಂಬಾಕು, ಅಥಣಿಯಲ್ಲಿ ಚಪ್ಪಲಿ, ಉಗಾರದಲ್ಲಿ ಸಕ್ಕರೆ. ಒಂದೇ ಊರಿನಲ್ಲಿ ಕನ್ನಡ ಶಾಲೆಯ ಗೋಡೆಗೆ ಮರಾಠಿ ಶಾಲೆ ಆತುಕೊಂಡಿರುತ್ತದೆ. ಗಡಿಯಾಚೆ ಮಹಾರಾಷ್ಟ್ರದ ಮಿರಜ ಕಾಗವಾಡಕ್ಕೆ, ಕಾಗಲ ನಿಪ್ಪಾಣಿಗೆ ಹತ್ತಿರದ ಊರುಗಳು. ಮಗು ಮನೆಯಲ್ಲಿ ಮರಾಠಿ ಆಡಿ, ಓಣಿಯಲ್ಲಿ ಎರಡನ್ನೂ ಬೆರೆಸಿ, ಶಾಲೆಗೆ ಬಂದು ಕನ್ನಡ ಓದುತ್ತದೆ.

ಓದುವುದು ಶುರುವಾಗುವ ಜಾಗ ನಲಿ-ಕಲಿ ಕೋಣೆ. ಚಿಕ್ಕೋಡಿ ಕಡೆಯ ಯಾವುದಾದರೂ ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂಡುವ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿ. ಬೆಂಚುಗಳಿಲ್ಲ. ಮಕ್ಕಳು ಜಮಖಾನೆಯ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ. ಈ ಗುಂಪಿಗೆ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕಿಯೇ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅಷ್ಟಿಷ್ಟು ನೆರವಾಗುತ್ತಾರೆ, ಬೇರೆಡೆ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದಕ್ಕೆ ಮಕ್ಕಳೇ ಮಾಡಿದ ಕಾಗದದ ಹಕ್ಕಿ, ಚಿತ್ರ. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ಎಟಕುವ ಎತ್ತರಕ್ಕೆ, ಒಬ್ಬೊಬ್ಬರಿಗೂ ಒಂದೊಂದು ಕರಿಹಲಗೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು.

ಜೂನ್ ತಿಂಗಳ ಪೋಷಕರ ಸಭೆಗಳಲ್ಲಿ ಈ ಕೋಣೆಯ ಬಗ್ಗೆ ಒಂದು ತಕರಾರು ಬಂದೇ ಬರುತ್ತದೆ. "ಬಾಯಾರ, ನಾವು ಅ ಆ ಇ ಈ ಕಲತೇವಿ. ನೀವು ರ ಗ ಸ ದ ಅ ಅಂತ ಹೇಳಿಕೊಡಾಕತ್ತೀರಿ. ಹಿಂಗ ಅಡ್ಡಾದಿಡ್ಡಿ ಕಲಿಸಿದ್ರ ಹೆಂಗ್ರಿ?" ಕೇಳಿದ ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ಕಳವಳ ಹೆಚ್ಚು. ಮಗನಿಗೆ ಹೇಳಿಕೊಡಲು ತನಗೆ ಗೊತ್ತಿದ್ದ ಒಂದೇ ದಾರಿಯೂ ಮುಚ್ಚಿಹೋಯಿತಲ್ಲ ಎಂಬ ಕಳವಳ ಅದು.

ಜಾಣ ಶಿಕ್ಷಕಿ ವಿವರಣೆ ಕೊಡುತ್ತ ಕೂಡುವುದಿಲ್ಲ. ಆ ಐದು ಅಕ್ಷರಗಳ ಮಿಂಚುಪಟ್ಟಿಗಳನ್ನು ಅಪ್ಪನ ಮುಂದೆಯೇ ನೆಲದ ಮೇಲೆ ಹರವುತ್ತಾರೆ. ಸ, ರ ಜೋಡಿಸಿದರೆ ಸರ. ಅ, ರ, ಸ: ಅರಸ. ಗ, ರ, ಗ, ಸ: ಗರಗಸ. ಗ, ದ, ಗ: ಗದಗ. ಐದೇ ಅಕ್ಷರಕ್ಕೆ ಊರಿನ ಹೆಸರೂ ಬಂತು, ರಾಜನೂ ಬಂದ. ಮುಂದಿನ ಐದು ಜ ವ ಮ ಬ ನ. ಅವು ಸೇರುತ್ತಲೇ ಬಸವ ಬರುತ್ತಾನೆ, ಮಗ ಬರುತ್ತಾನೆ, ಜನ ಬರುತ್ತಾರೆ, ನಗರವೇ ಎದ್ದು ನಿಲ್ಲುತ್ತದೆ. ಕೊಂಬು-ಇಳಿಗಳಿಲ್ಲದ ಸರಳ ಅಕ್ಷರ, ಬರೆಯಲು ಸುಲಭದ ತಿರುವು, ಮೊದಲ ವಾರದಿಂದಲೇ ಓದಲು ಅರ್ಥವಿರುವ ಒಂದು ಪದ. ಐವತ್ತು ಅಕ್ಷರ ಬಾಯಿಪಾಠ ಆಗುವವರೆಗೆ ಮಗು ಓದಿನ ರುಚಿಗಾಗಿ ಕಾಯಬೇಕಿಲ್ಲ. ಪಟ್ಟಿಗಳನ್ನು ತಾನೇ ತಿರುಗಾಮುರುಗಾ ಇಟ್ಟು ನೋಡಿದ ಅಪ್ಪ, "ಅಗಸ! ಅಗಸನೂ ಆತಲ್ರಿ!" ಎಂದು ಕೂಗಿದಾಗ ಕೋಣೆಯಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಆ ಅಪ್ಪ ಇನ್ನು ಮನೆಯಲ್ಲಿ ಮಗನ ಜೊತೆ ಕೂಡಬಲ್ಲ. ವರ್ಷಕ್ಕೆ ಹತ್ತು ಸುತ್ತೋಲೆ ಬರಬಹುದು, ಪೋಷಕರ ಪಾಲುದಾರಿಕೆ ಎಂದು ಫಲಕ ಬರೆಸಬಹುದು. ನನ್ನ ಮಟ್ಟಿಗೆ ಪಾಲುದಾರಿಕೆ ಅಂದರೆ ಆ ಪಟ್ಟಿಗಳು ಅಪ್ಪನ ಕೈಗೆ ಬಂದ ಗಳಿಗೆ.

ಈ ಹೊತ್ತಿನಲ್ಲಿ ಇದಕ್ಕೆ ಇಷ್ಟು ತೂಕ ಯಾಕೆಂದರೆ ಮಕ್ಕಳ ಓದು ಎಲ್ಲೆಡೆ ಕುಂಟುತ್ತಿದೆ. ಮನೆಮನೆಗೆ ಹೋಗಿ ಮಕ್ಕಳ ಓದು-ಲೆಕ್ಕ ನೋಡುವ 'ಅಸರ್' ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದ 3ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿ ಮಟ್ಟದ ಪಾಠ ಓದಬಲ್ಲವರು 2018ರಲ್ಲಿ ಶೇ 27.3 ಇದ್ದರು, ಕೊರೊನಾ ಮುಗಿದ 2022ರಲ್ಲಿ ಶೇ 20.5ಕ್ಕೆ ಕುಸಿದರು, 2024ರಲ್ಲಿ ಶೇ 27.1ಕ್ಕೆ ಏರಿದರು. ಕಳಕೊಂಡದ್ದು ಸುಮಾರಾಗಿ ಮರಳಿತು, ಆದರೂ ನಾಲ್ವರಲ್ಲಿ ಮೂವರಿಗೆ ಹತ್ತಿರ ಇನ್ನೂ ಹಿಂದೆಯೇ ಇದ್ದಾರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ನಿಪುಣ್ ಭಾರತ್' 3ನೇ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಗುರಿಗೆ 2026-27ರ ಗಡುವು ಹಾಕಿಕೊಂಡಿದೆ. ನಮ್ಮಲ್ಲಿ 4-5ನೇ ತರಗತಿಗೆ 'ಓದು ಕರ್ನಾಟಕ' ಬಂತು, 2022-23ರಲ್ಲಿ 'ಕಲಿಕಾ ಚೇತರಿಕೆ' ಬಂತು. ಇವೆಲ್ಲ ಶಾಲೆಯ ಗಂಟೆಯೊಳಗೆ ನಡೆಯುವ ಕೆಲಸ. ಗಂಟೆ ಬಾರಿಸಿದ ಮೇಲೆ ಮಗು ಹೋಗುವುದು ಎಲ್ಲಿಗೆ?

ನಿಪ್ಪಾಣಿಯಲ್ಲಾದರೆ, ಬೀಡಿ ಕಟ್ಟುವ ಮನೆಗೆ. ಹೊಸ್ತಿಲ ಹತ್ತಿರ ಬೆಳಕಿಗೆ ಕೂತ ತಾಯಿಯ ತೊಡೆಯ ಮೇಲೆ ಮೊರ. ಮೊರದಲ್ಲಿ ನೆನೆಸಿ ಕತ್ತರಿಸಿದ ಎಲೆ, ಒಂದು ಮೂಲೆಯಲ್ಲಿ ತಂಬಾಕಿನ ಪುಡಿ. ಎಲೆ ಸುರುಳಿಯಾಗುತ್ತದೆ, ತುದಿ ಮಡಚುತ್ತದೆ, ದಾರ ಸುತ್ತುತ್ತದೆ. ನೋಡುವವರ ಕಣ್ಣಿಗೆ ಇದು ಯಾವುದೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಇಂಥ ತಾಯಿಯ ಮಗಳ ಡೈರಿಯಲ್ಲಿ 'ಮನೆಯಲ್ಲಿ ಓದಿಸಿ' ಎಂದು ಬರೆದು ಕಳಿಸಿದರೆ ಏನು ಪ್ರಯೋಜನ? ಆಕೆಗೆ ಕನ್ನಡ ಲಿಪಿ ಬಾರದು. ಸಾವಿರ ಬೀಡಿ ಮುಗಿಯದೆ ಎದ್ದರೆ ಅಂದಿನ ಕೂಲಿ ಇಲ್ಲ. ಆ ಒಂದು ಸಾಲು ಆಕೆಯ ಮೇಲೆ ಹೊರಿಸುವುದು ತಪ್ಪಿತಸ್ಥಳೆಂಬ ಭಾರವನ್ನು ಮಾತ್ರ. ಶಾಲೆಯ ಕೆಲಸವನ್ನು ಬಡವರ ಮನೆಗೆ ದಾಟಿಸಿ ಕೈತೊಳೆದುಕೊಳ್ಳುವುದಕ್ಕೆ ನಾನಂತೂ ಪೋಷಕರ ಸಹಕಾರ ಎಂಬ ಹೆಸರು ಕೊಡಲಾರೆ.

ಆದರೆ ಆಕೆಯ ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವಿದೆ. ಇದನ್ನು ಕಂಡುಕೊಂಡ ಶಿಕ್ಷಕಿ ಪುಸ್ತಕ ಕೊಟ್ಟು ಕಳಿಸುವಾಗ ಹುಡುಗಿಗೆ ಹೇಳುವುದು ಇಷ್ಟೇ: ಅವ್ವನ ಪಕ್ಕ ಕೂತು ಜೋರಾಗಿ ಓದು, ಓದಿದ್ದನ್ನು ಅವ್ವನಿಗೆ ಮರಾಠಿಯಲ್ಲಿ ಹೇಳು. ಹುಡುಗಿ ಬೆರಳಿಟ್ಟು ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ, ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ. ಎರಡು ಸಾಲಾದ ಮೇಲೆ ತಲೆ ಎತ್ತಿ, ನರಿ ಏನು ಮಾಡಿತು ಎಂಬುದನ್ನು ಮರಾಠಿಯಲ್ಲಿ ಹೇಳುತ್ತಾಳೆ. ಬೀಡಿಯ ಮೇಲಿನ ಕಣ್ಣು ತೆಗೆಯದೆ ತಾಯಿ ಕೇಳುತ್ತಾಳೆ: "ಮಗ್ ಕಾಯ್ ಝಾಲಂ?" ಆಮೇಲೆ ಏನಾಯಿತು? ಹುಡುಗಿಗೆ ಉತ್ತರ ಗೊತ್ತಿಲ್ಲ. ಗೊತ್ತಾಗಬೇಕಾದರೆ ಮುಂದಿನ ಸಾಲು ಓದಬೇಕು. ಅರ್ಥವಾಗದೆ ಗಟ್ಟಿಯಾಗಿ ಉರು ಹೊಡೆದ ಮಗು ಇನ್ನೊಂದು ಭಾಷೆಯಲ್ಲಿ ಕತೆ ಹೇಳಲಾರದು. ಹೀಗಾಗಿ ಲಿಪಿ ಬಾರದ ಆ ತಾಯಿ ದಿನವೂ ಮಗಳ ಓದಿನ ಪರೀಕ್ಷೆ ನಡೆಸುತ್ತಿದ್ದಾಳೆ, ಬಹಳ ಒಳ್ಳೆಯ ಪರೀಕ್ಷೆ.

ಇಲ್ಲೇ ಇನ್ನೊಂದು ಮಾತನ್ನೂ ಹೇಳಬೇಕು. ಬೀಡಿಯ ಮನೆಗಳಲ್ಲಿ ಹೆಣ್ಣುಮಗಳು ಅವ್ವನ ಪಕ್ಕ ಕೂತಳೆಂದರೆ ಅವಳ ಕೈಗೂ ದಾರ ಬರುತ್ತಿದ್ದ ಕಾಲವಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ತಯಾರಿಕೆಯನ್ನು ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಗೆ ಸೇರಿಸಿತು. ಅವ್ವನ ಪಕ್ಕದ ಅದೇ ಜಾಗದಲ್ಲಿ ಈಗ ಮಗಳ ಕೈಯಲ್ಲಿ ಪುಸ್ತಕವಿದ್ದರೆ ಅದು ಸಣ್ಣ ಬದಲಾವಣೆಯಲ್ಲ. ಬೀಡಿಯ ಲೆಕ್ಕವೂ ಪಾಠಕ್ಕೆ ಒದಗುತ್ತದೆ: 25ರಂತೆ ಕಟ್ಟಿದರೆ ಸಾವಿರಕ್ಕೆ ಎಷ್ಟು ಕಟ್ಟು? 40 ಎಂದು ತಾಯಿ ಯೋಚಿಸದೇ ಹೇಳುತ್ತಾಳೆ. ಮಗಳು ಭಾಗಾಕಾರ ಹಾಕಿ ಆಕೆಯ ಉತ್ತರವನ್ನು ಮುಟ್ಟುತ್ತಾಳೆ.

ಅಥಣಿಯ ಚಪ್ಪಲಿ ಓಣಿಗಳಲ್ಲಿ ಅಪ್ಪಂದಿರ ಲೆಕ್ಕ ಬೇರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿದ್ದವು. ಬೆಳಗಾವಿ ಅವುಗಳಲ್ಲೊಂದು, ಅಥಣಿ ಅದರ ದೊಡ್ಡ ನೆಲೆ. ಚರ್ಮದ ಮೇಲೆ ಅಳತೆ ಇಟ್ಟು ಗೆರೆ ಎಳೆಯುವಾಗ ಅರ್ಧ ಅಂಗುಲ ತಪ್ಪಿದರೆ ಜೋಡಿಯೇ ಕೆಡುತ್ತದೆ. ಒಂದು ಹಾಳೆಯಿಂದ ಎಷ್ಟು ಅಟ್ಟೆ ಹೊರಡುತ್ತವೆ, ಎಷ್ಟು ಚೂರು ಉಳಿಯುತ್ತದೆ ಎಂಬುದನ್ನು ಕಣ್ಣಳತೆಯಲ್ಲೇ ಹೇಳುವವರು ಇವರು. ಶಾಲೆಯ ಗಣಿತ ಕಿಟ್ಟಿನಲ್ಲಿ ಭಿನ್ನರಾಶಿಯ ಬಣ್ಣದ ತುಂಡುಗಳಿವೆ. ಅವನ್ನು ಹಿಡಿದು ಕಾಲು, ಅರ್ಧ, ಮುಕ್ಕಾಲು ಕಲಿಸುತ್ತಿದ್ದ ತರಗತಿಗೆ ಒಬ್ಬ ಅಜ್ಜನನ್ನು ಕರೆತಂದರೆ ಏನಾಗುತ್ತದೆಂದು ನೋಡಬೇಕು. ಹಳೆಯ ಕಾಲದ ಗಾವಟಿ ಸಾಲಿಯಲ್ಲಿ ಮಗ್ಗಿಯ ಜೊತೆಗೆ ಕಾಲು, ಅರ್ಧ, ಒಂದೂಕಾಲು, ಒಂದೂವರೆಗಳ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಬಾಯಿಪಾಠ ಮಾಡಿದ ತಲೆಮಾರು ಅದು. ಏಳು ದೀಡಲಿ ಎಷ್ಟು ಅಂದರೆ ಹತ್ತೂವರೆ ಎನ್ನಲು ಅಜ್ಜನಿಗೆ ಕಾಗದ ಬೇಡ. ಮಕ್ಕಳು ಏಳೂ ಒಂದೂವರೆಗಳನ್ನು ತುಂಡು ಜೋಡಿಸಿ ಎಣಿಸಿ, ಹತ್ತೂವರೆ ಬಂದಾಗ ಅಜ್ಜನ ಮುಖ ನೋಡುತ್ತಾರೆ. ಅಜ್ಜನಿಗೆ ಉತ್ತರ ಗೊತ್ತು, ಮಕ್ಕಳಿಗೆ ಕಾರಣ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಬೇಕು.

ಡೇರಿಯ ಪುಸ್ತಕವಂತೂ ದಶಮಾಂಶದ ಪಠ್ಯವೇ ಸರಿ. ಲೀಟರು, ಫ್ಯಾಟು, ದರ, ಮೊತ್ತ. ಬೆಳಿಗ್ಗೆ 2.5 ಲೀಟರು, ಸಂಜೆ 1.8. ಫ್ಯಾಟು ಒಂದು ದಿನ 6.4, ಮರುದಿನ 6.1. ಇವತ್ತು ರೊಕ್ಕ ಯಾಕೆ ಕಡಿಮೆ ಬಂತು ಎಂದು ಐದನೇ ತರಗತಿಯ ಮಗ ಲೆಕ್ಕ ಹಾಕಿ ಹೇಳಿದರೆ, ಅವನು ಓದುತ್ತಿರುವುದು ವ್ಯರ್ಥವಲ್ಲ ಎಂಬುದಕ್ಕೆ ಮನೆಗೆ ಬೇರೆ ಸಾಕ್ಷಿ ಬೇಡ.

'ಸಮುದಾಯದತ್ತ ಶಾಲೆ' ನಡೆಯುವ ದಿನ ಶಾಲೆಯ ಅಂಗಳದಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಾರೆ. ಪೋಷಕರು ಮಗುವಿನ ಪತ್ರಿಕೆ ಹಿಡಿದು ಮೊದಲು ಹುಡುಕುವುದು ಕೆಂಪು ಶಾಯಿಯ ಅಂಕಿಯನ್ನು. ಕಡಿಮೆ ಇದ್ದರೆ ಅಲ್ಲೇ ಒಂದು ಪೆಟ್ಟು ಬೀಳುತ್ತದೆ. ಇದನ್ನು ತಡೆಯಲು ಕೆಲವು ಮುಖ್ಯಗುರುಗಳು ಕ್ರಮವನ್ನೇ ತಿರುವಿ ಹಾಕುತ್ತಾರೆ. ಮೊದಲು ಮಗು ತನಗೆ ಇಷ್ಟವಾದ ಪುಟವನ್ನು ಅಪ್ಪ-ಅವ್ವನ ಮುಂದೆ ಓದಬೇಕು, ಗೋಡೆಯ ಹಲಗೆಯ ಮೇಲೆ ಒಂದು ಲೆಕ್ಕ ಮಾಡಿ ತೋರಿಸಬೇಕು. ಪತ್ರಿಕೆ ಕೈಗೆ ಬರುವುದು ಆಮೇಲೆ. ಮಗು ಓದುವುದನ್ನು ಮೊದಲ ಸಲ ಕೇಳಿಸಿಕೊಂಡ ಅಪ್ಪನ ಕೈ ಪೆಟ್ಟಿಗೆ ಏಳುವುದಿಲ್ಲ.

ಕೃಷ್ಣೆಯ ದಂಡೆಯ ಯಡೂರ, ಮಾಂಜರಿ, ನದಿ ಇಂಗಳಗಾಂವ, ಜುಗೂಳದ ಕಡೆಯವರು 2019ರ ಆಗಸ್ಟಿನ ಮಹಾಪೂರವನ್ನು ಮರೆತಿಲ್ಲ. ನೀರು ಇಳಿದ ಮೇಲೆ ದಪ್ತರವೇ ಇಲ್ಲದ ಮಕ್ಕಳು ಶಾಲೆಗೆ ಬಂದರು. ಅದರ ಬೆನ್ನಿಗೇ ಕೊರೊನಾ. 2020ರಲ್ಲಿ 'ವಿದ್ಯಾಗಮ' ನಡೆದಷ್ಟು ದಿನ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು ಹುಡುಕಿ ಮಕ್ಕಳನ್ನು ಕೂಡಿಸಿದರು. ಗುಡಿಯ ಕಟ್ಟೆ ಗುಡಿಸಿಕೊಟ್ಟವರು, ಜಮಖಾನೆ ತಂದು ಹಾಸಿದವರು ತಾಯಂದಿರು. ತಮ್ಮ ಮಕ್ಕಳಿಗೆ ಏನು ಹೇಳಿಕೊಡುತ್ತಾರೆ ಎಂಬುದನ್ನು ಆ ತಾಯಂದಿರು ಹತ್ತಿರದಿಂದ ಕಂಡದ್ದು ಆಗಲೇ.

ಕಬ್ಬಿನ ಹಂಗಾಮು ಬಂತೆಂದರೆ ಈ ಇಡೀ ಲೆಕ್ಕಾಚಾರ ಮೇಲುಕೆಳಗಾಗುತ್ತದೆ. ದೀಪಾವಳಿಯ ಸುಮಾರಿಗೆ ಕಾರ್ಖಾನೆಗಳು ಶುರುವಾಗುತ್ತವೆ. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಗಾಡಿಯ ಮೇಲೆ ಸಂಸಾರ ಹೇರಿಕೊಂಡು ಬಂದು ಹೊಲದ ಬದಿ ಗುಡಿಸಲು ಹಾಕುತ್ತವೆ. ಅವರ ಮಕ್ಕಳು ಓದಿದ್ದು ಮರಾಠಿ. ಸಮಾಧಾನದ ಸಂಗತಿ ಎಂದರೆ ಇಲ್ಲಿ ನಮ್ಮದೇ ಸರ್ಕಾರದ ಮರಾಠಿ ಶಾಲೆಗಳೂ ಇವೆ, ಕರೆದು ಕೂಡಿಸಿಕೊಳ್ಳುವ ಮನಸ್ಸೊಂದು ಬೇಕು. ಊರಿನ ಪೋಷಕರಿಗೂ ಆ ನಾಲ್ಕೈದು ತಿಂಗಳು ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಕರೆದ ಸಭೆಗೆ ಯಾರೂ ಬರುವುದಿಲ್ಲ. ಪೋಷಕರಿಗೆ ಆಸಕ್ತಿಯಿಲ್ಲ ಎಂದು ವರದಿ ಬರೆಯುವವರು ಆಗ ಹೊಲದ ಕಡೆ ಒಮ್ಮೆ ನೋಡಬೇಕು.

ಕಾಗವಾಡ ತಾಲ್ಲೂಕಿನ ಒಂದು ಶಾಲೆಯಲ್ಲಿ ಎಸ್‌ಡಿಎಂಸಿ ಸಭೆಯನ್ನು ಅದಕ್ಕೇ ರಾತ್ರಿ ಎಂಟಕ್ಕೆ ಇಟ್ಟುಕೊಂಡಿದ್ದರು. ಶಾಲೆಯ ಆಡಳಿತದಲ್ಲಿ ಪೋಷಕರಿಗೆ ಪಾಲು ಕೊಟ್ಟ ಈ ಸಮಿತಿಗಳು ರಾಜ್ಯದಲ್ಲಿ ಹುಟ್ಟಿದ್ದು 2001ರ ಆದೇಶದಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಆ ರಾತ್ರಿ ಶೌಚಾಲಯದ ನೀರಿನ ಮಾತು ಮುಗಿದ ಮೇಲೆ ಒಬ್ಬ ತಾಯಿ ಗ್ರಂಥಾಲಯದ ಮಾತೆತ್ತಲು ಎದ್ದು ನಿಂತರು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಯೋಜನೆಯಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ.

"ನಾವು ಹೊಲಕ್ಕ ಹೋದಾಗ ಅದು ತೆರೆದಿರತೈತ್ರಿ, ನಾವು ಬರೂದ್ರಾಗ ಬಾಗಿಲಾ ಹಾಕಿರತೈತಿ. ಹುಡುಗ್ರು ಪುಸ್ತಕ ಬದಲಿ ಮಾಡೂದು ಯಾವಾಗ? ಹಂಗಾಮು ಮುಗಿಯೂತನಕ ರಾತ್ರಿ ಎಂಟರ ಮಟ ತೆರದ ಇಡ್ರಿ ಅಂತ ಪಂಚಾಯ್ತಿಗೆ ಬರೀರಿ, ಸರ."

ಎಲ್ಲರೂ ಹೂಂಗುಟ್ಟಿದರು. ಮುಖ್ಯಗುರುಗಳು ನಡಾವಳಿ ಪುಸ್ತಕದಲ್ಲಿ ಬರೆದು ಸಹಿಗೆ ಮುಂದೆ ಮಾಡಿದರು. ಆಕೆ ಪೆನ್ನು ಹಿಡಿಯಲಿಲ್ಲ. ಮೂಲೆಯಲ್ಲಿ ತೂಕಡಿಸುತ್ತಿದ್ದ ಮಗಳನ್ನು ಕರೆದು, "ಏನ ಬರದಾರ, ಓದು" ಎಂದರು. ಹುಡುಗಿ ಕಣ್ಣುಜ್ಜಿಕೊಂಡು, ಬೆರಳಿಟ್ಟು, ಠರಾವಿನ ಒಂದೊಂದೇ ಪದವನ್ನು ದಾಟುತ್ತ ಬಂದಳು. "ರಾತ್ರಿ ಏಳು ಗಂಟೆಯವರೆಗೆ..."

"ಏಳಲ್ರಿ ಸರ, ಎಂಟು."

ಮುಖ್ಯಗುರುಗಳು ಏಳನ್ನು ಹೊಡೆದು ಎಂಟು ಎಂದು ಬರೆದು, ಪಕ್ಕದಲ್ಲಿ ತಮ್ಮ ಸಣ್ಣ ಸಹಿ ಹಾಕಿದರು. ಆಕೆ ಅದನ್ನೂ ಮಗಳಿಂದ ಓದಿಸಿಕೊಂಡು ಆಮೇಲೆ ಸಹಿ ಮಾಡಿದರು.